ಕೈ ಮುಗಿದವರ ಮನಸ್ಸು ನಿಮಗೆ ಹೇಗೆ ಗೊತ್ತು?

ಪ್ರಿಯ ಬರಹಗಾರರೇ,

ರಾಜಕಾರಣಿಗಳು ಭಾಷಣಕ್ಕೆ ದೇವರನ್ನು ಎಳೆದು ತರುವ ಬಗ್ಗೆ ನೀವು ಬರೆದ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ಎರಡನೇ ಪುಟಕ್ಕೆ ಬಂದಾಗ ಸುಮ್ನೆ ಇರಲು ಆಗಲಿಲ್ಲ.

'ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತ ನಾಯಕರ ಮನಸ್ಸಿನಲ್ಲಿ ಇದ್ದದ್ದು ಮತಪೆಟ್ಟಿಗೆ ಮಾತ್ರ.' ಇದು ನಿಮ್ಮ ಸಾಲು. ಮನಸ್ಸಿನಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತಾಯಿತು? ಮನೆಯಲ್ಲಿ ಕಾಯಿಲೆ ಬಿದ್ದ ಮಗುವಿಗಾಗಿ ಬೇಡಿಕೊಳ್ಳುತ್ತಿದ್ದರೋ ಏನೋ. ಕ್ಯಾಮೆರಾ ಇತ್ತು ಅಂದಿದ್ದೀರಿ, ಸರಿ. ಅದನ್ನು ಕರೆಸಿದ್ದು ಯಾರು? ಹೊರಗೆ ಬಂದು ಮೈಕ್ ಹಿಡಿದು ಏನಂದರು? ಅದನ್ನು ಬರೆಯಿರಿ. ಅದು ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು.

ಎರಡು ಪ್ಯಾರಾ ಆದಮೇಲೆ ನಿಮಗೆ ಇಷ್ಟವಾದ ಇನ್ನೊಬ್ಬ ನಾಯಕರು ಬರುತ್ತಾರೆ. ಅವರೂ ಕೈ ಮುಗಿಯುತ್ತಾರೆ. ಅಲ್ಲಿ ಮಾತ್ರ 'ನಿಷ್ಕಲ್ಮಶ ಭಕ್ತಿ'. ಅಲ್ಲೂ ಕ್ಯಾಮೆರಾ ಇತ್ತು. ವ್ಯತ್ಯಾಸ ಇರುವುದು ನಿಮ್ಮ ಒಲವಿನಲ್ಲಿ, ಅಲ್ವಾ?

ಈ ವಿಷಯದಲ್ಲಿ ನಮ್ಮ ಕಾನೂನಿಗೆ ನಿಮಗಿಂತ ಜಾಸ್ತಿ ಎಚ್ಚರ ಇದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 123(3), ಅಭ್ಯರ್ಥಿಯ ನಂಬಿಕೆ ನಿಜವೋ ಸುಳ್ಳೋ ಅಂತ ಕೆದಕುವುದಿಲ್ಲ. ಧರ್ಮದ ಹೆಸರಲ್ಲಿ ಮತ ಕೇಳಿದರೇ ಅಂತ ನೋಡುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ, 4–3ರ ಬಹುಮತದಲ್ಲಿ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ಅಕ್ರಮವೇ ಎಂದಿತು. ಕೇಳಿದವರು ನಿಜವಾದ ಭಕ್ತರೇ ಆಗಿರಲಿ, ತಪ್ಪು ತಪ್ಪೇ. ನಿಮ್ಮ ಲೇಖನಕ್ಕೆ ಬಲ ಸಿಗುವ ಜಾಗ ಇದು. ನೀವು ಇದನ್ನು ಮುಟ್ಟೇ ಇಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ವರದಿಯಲ್ಲಿ 'ಕಪಟ ಭಕ್ತಿ' ಅಂತ ಬರೆದಿದ್ದೆ. ಹಿರಿಯ ಉಪಸಂಪಾದಕರು 'ಕಪಟ' ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಕಂಡಿರಾ?' ಅಂತ ಬರೆದು ವಾಪಸ್ ಕೊಟ್ಟರು. ತುಂಬಾ ನೋವಾಯಿತು. ಆ ಸಂಜೆ ಮನೆಗೆ ಹೋದಾಗ ಅಮ್ಮ ದೀಪ ಹಚ್ಚಿ ಕೂತಿದ್ದರು. ದಿನಾ ನೋಡುವ ದೃಶ್ಯ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರು ಏನು ಬೇಡಿಕೊಳ್ಳುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಮರುದಿನ ಆ ಎರಡೂ ಪದ ಹೊಡೆದುಹಾಕಿ, ಆ ನಾಯಕರು ವೇದಿಕೆ ಮೇಲೆ ಆಡಿದ ಮಾತನ್ನು ಇದ್ದ ಹಾಗೇ ಬರೆದೆ.

ಎರಡನೇ ಪುಟವನ್ನು ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.