ಬುದ್ಧಿಹಲ್ಲನ್ನು ಜರ್ಮನಿಯಲ್ಲೇ ತೆಗೆಸಲೇ, ಊರಿಗೆ ಬರುವ ತನಕ ಕಾಯಲೇ?

ಪ್ರಶ್ನೆ: ನಾನು 24 ವರ್ಷದ ವಿದ್ಯಾರ್ಥಿನಿ. ಊರು ಶಿವಮೊಗ್ಗ, ಈಗ ಜರ್ಮನಿಯ ಆಖೆನ್‌ನಲ್ಲಿ ಓದುತ್ತಿದ್ದೇನೆ. ಎಡಗಡೆ ಕೆಳಗಿನ ಬುದ್ಧಿಹಲ್ಲು ಅರ್ಧ ಮಾತ್ರ ಹೊರಬಂದಿದ್ದು, ಮೂರು ತಿಂಗಳಲ್ಲಿ ಎರಡು ಸಲ ಅದರ ಸುತ್ತಲಿನ ವಸಡು ಊದಿಕೊಂಡು ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಇಲ್ಲಿನ ದಂತವೈದ್ಯರು ಎಕ್ಸ್-ರೇ ನೋಡಿ, 38 ಎಂಬ ಸಂಖ್ಯೆಯಿಂದ ಗುರುತಿಸುವ ಈ ಹಲ್ಲನ್ನು ತೆಗೆಸಬೇಕೆಂದು ಶಸ್ತ್ರಚಿಕಿತ್ಸಕರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಇನ್ನು ಐದು ತಿಂಗಳಿಗೆ, ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನಮ್ಮ ಡಾಕ್ಟರ ಹತ್ತಿರವೇ ತೆಗೆಸಿದರಾಯಿತು ಎನ್ನುತ್ತಾರೆ ಅಮ್ಮ. ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆ ಎಂಬ ಭಯವೂ ಅವರಿಗಿದೆ. ನನಗೆ ಸರ್ಕಾರಿ ನಿಯಮದ ಸಾರ್ವಜನಿಕ ಆರೋಗ್ಯ ವಿಮೆ ಇದೆ. ಜರ್ಮನ್ ಭಾಷೆ ಅಷ್ಟಕ್ಕಷ್ಟೇ. ಏನು ಮಾಡಲಿ?
— ಹೆಸರು ಬೇಡ, ಆಖೆನ್

ಉತ್ತರ: ಈ ಹಲ್ಲು ಯಾವ ತೊಂದರೆಯನ್ನೂ ಕೊಡದೆ ತೆಪ್ಪಗಿದ್ದಿದ್ದರೆ ಅದರ ಪಾಡಿಗೆ ಬಿಟ್ಟುಬಿಡಿ ಎನ್ನುತ್ತಿದ್ದೆ. ಆದರೆ ಅರ್ಧ ಮೂಡಿದ ಹಲ್ಲಿನ ಮೇಲೆ ವಸಡಿನ ಮುಚ್ಚಳ ಉಳಿದು, ಬ್ರಷ್ ತಲುಪದ ಆ ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು, ಮೂರು ತಿಂಗಳಲ್ಲಿ ಎರಡು ಸಲ ಸೋಂಕಾಗಿದೆ ಎಂದ ಮೇಲೆ ಅದು ಮೂರನೆಯ ಸಲವೂ ಆಗುವ ಸಂಭವವೇ ಹೆಚ್ಚು. ಆಗ ನಿಮ್ಮ ಪರೀಕ್ಷೆಯ ದಿನವನ್ನೋ ವಿಮಾನದ ದಿನವನ್ನೋ ಅದು ಕೇಳಿಕೊಂಡು ಬರುವುದಿಲ್ಲ. ಊದಿಕೊಂಡ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದಿರುವುದೂ ಉಂಟು. ಆದ್ದರಿಂದ ಊತ ಇಳಿದಿರುವ ಈಗಲೇ, ಅಲ್ಲಿಯೇ ತೆಗೆಸಿಕೊಳ್ಳಿ ಎಂಬುದು ನನ್ನ ಸಲಹೆ.

ಕಣ್ಣಿನ ಭಯವನ್ನು ನಮ್ಮ ಚಿಕಿತ್ಸಾಲಯಗಳಲ್ಲಿ ದಿನವೂ ಕೇಳುತ್ತೇವೆ. ನೋಟವನ್ನು ಮಿದುಳಿಗೆ ಒಯ್ಯುವ ನರವೇ ಬೇರೆ, ಕೆಳದವಡೆಯ ಹಲ್ಲುಗಳ ನರವೇ ಬೇರೆ. ನಿಜವಾಗಿ ವಿಚಾರಿಸಬೇಕಾದ ನರ ಇನ್ನೊಂದಿದೆ. ಕೆಳಗಿನ ಬುದ್ಧಿಹಲ್ಲಿನ ಬೇರುಗಳ ಸಮೀಪದಲ್ಲೇ, ದವಡೆಯ ಮೂಳೆಯೊಳಗೆ, ತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ನಾಲಿಗೆಯ ನರವೂ ಒಳಬದಿಯಲ್ಲಿ ಹತ್ತಿರದಲ್ಲೇ ಇರುತ್ತದೆ. ಇವುಗಳಿಗೆ ಪೆಟ್ಟಾದರೆ ತುಟಿ ಅಥವಾ ನಾಲಿಗೆ ಜೋಮು ಹಿಡಿದಂತಾಗಬಹುದು. ಇದು ಬಹುಪಾಲು ತಾತ್ಕಾಲಿಕವೇ ಆದರೂ, ನಿಮ್ಮ ಎಕ್ಸ್-ರೇಯಲ್ಲಿ ಬೇರಿಗೂ ನರಕ್ಕೂ ಎಷ್ಟು ಅಂತರವಿದೆ ಎಂದು ಶಸ್ತ್ರಚಿಕಿತ್ಸಕರನ್ನು ನೇರವಾಗಿ ಕೇಳಿ.

ಅಮ್ಮನಿಗೆ ಊರಿನ ಡಾಕ್ಟರ ಮಾತಿನಲ್ಲಿ ನಂಬಿಕೆ ಇದ್ದರೆ ಅದಕ್ಕೂ ದಾರಿಯಿದೆ. 38 ಎಂದರೆ ಕೆಳ ಎಡಭಾಗದ ಎಂಟನೆಯ ಹಲ್ಲು. ಈ ಎಣಿಕೆ ಶಿವಮೊಗ್ಗದಲ್ಲೂ ಆಖೆನ್‌ನಲ್ಲೂ ಒಂದೇ. (ಅಮೆರಿಕದಲ್ಲಿದ್ದಿದ್ದರೆ ಇದೇ ಹಲ್ಲನ್ನು 17 ಎನ್ನುತ್ತಿದ್ದರು.) ಎರಡೂ ದವಡೆ ಕಾಣುವ ಆ ದೊಡ್ಡ ಎಕ್ಸ್-ರೇಯನ್ನು ಇಲ್ಲಿಯೂ ಅಲ್ಲಿಯೂ ಓಪಿಜಿ ಎಂದೇ ಕರೆಯುತ್ತಾರೆ. ಅದರ ಪ್ರತಿಯನ್ನು ಕೇಳಿ ಪಡೆದು ಊರಿಗೆ ಕಳುಹಿಸಿದರೆ ನಿಮ್ಮ ಡಾಕ್ಟರು ನೋಡಿ ಅಭಿಪ್ರಾಯ ಹೇಳಬಲ್ಲರು.

ಖರ್ಚಿನ ಚಿಂತೆ ನಿಮಗೆ ಅಷ್ಟಾಗಿ ಬೇಡ. ಚಿಕಿತ್ಸೆ ಅಗತ್ಯವೆಂದು ವೈದ್ಯರು ತೀರ್ಮಾನಿಸಿದ್ದರೆ ಹಲ್ಲು ತೆಗೆಯುವುದು, ಆ ಜಾಗವನ್ನಷ್ಟೇ ಮರಗಟ್ಟಿಸುವುದು, ಹೊಲಿಗೆ ಇವೆಲ್ಲ ಸಾರ್ವಜನಿಕ ವಿಮೆಯಲ್ಲೇ ಸೇರುತ್ತವೆ. ಚೀಟಿಯ ಮೇಲೆ ಕೊಳ್ಳುವ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ ನಿಮ್ಮ ಪಾಲು. ಪೂರ್ತಿ ಪ್ರಜ್ಞೆ ತಪ್ಪಿಸಬೇಕೆಂದು ನೀವಾಗಿ ಬಯಸಿದರೆ ಅಥವಾ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದರೆ ಅದರ ಹಣವನ್ನು ನೀವೇ ತೆರಬೇಕಾಗಬಹುದು, ಹಾಗಾಗಿ ಒಪ್ಪುವ ಮೊದಲು ಬರಹದಲ್ಲಿ ಲೆಕ್ಕ ಕೇಳಿ. ಪ್ರವಾಸ ವಿಮೆಯ ಮೇಲೆ ಅಲ್ಲಿರುವ ಗೆಳೆಯರಿಗೆ ಈ ಮಾತು ಅನ್ವಯಿಸದು. ಅಂಥ ವಿಮೆಗಳು ಹೆಚ್ಚಾಗಿ ತಕ್ಷಣದ ನೋವು ಶಮನಕ್ಕಷ್ಟೇ ಹಣ ಕೊಡುತ್ತವೆ.

ಪರದೇಶದಲ್ಲಿ ಎಡವುವುದು ಹೆಚ್ಚಾಗಿ ಔಷಧಿಯ ಹೆಸರುಗಳಲ್ಲಿ. ನಮ್ಮ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಯಾವ ಔಷಧಿ ನಿಮಗೆ ಒಗ್ಗುವುದಿಲ್ಲ, ನಿತ್ಯ ಏನು ನುಂಗುತ್ತೀರಿ ಎಂಬುದನ್ನು ಮೂಲ ಔಷಧಿಯ ಹೆಸರಿನಲ್ಲಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಊರಿಂದ ಒಯ್ದ ಪೆಟ್ಟಿಗೆಯಲ್ಲಿ ಕಾಂಬಿಫ್ಲಾಮ್ ಇದ್ದೇ ಇರುತ್ತದೆ. ಅದರ ಒಂದು ಮಾತ್ರೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಜರ್ಮನಿಯಲ್ಲಿ ಹಲ್ಲು ತೆಗೆದ ಮೇಲೆ ಸಾಮಾನ್ಯವಾಗಿ ಕೊಡುವುದೂ ಐಬುಪ್ರೊಫೆನ್ ಆದ್ದರಿಂದ, ಎರಡನ್ನೂ ನುಂಗಿದರೆ ಒಂದೇ ಔಷಧಿ ದುಪ್ಪಟ್ಟಾಗುತ್ತದೆ. ಉಳಿದುಹೋದ ಅಮಾಕ್ಸಿಸಿಲಿನ್ ಮಾತ್ರೆಗಳನ್ನು ನೀವಾಗಿಯೇ ಆರಂಭಿಸಬೇಡಿ, ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ಅನ್ನು ನೋವಿಗೆಂದು ಮುಟ್ಟಬೇಡಿ. ಜರ್ಮನಿಯಲ್ಲಿ ಚಿಕಿತ್ಸೆಯ ಅಪಾಯಗಳನ್ನು ರೋಗಿಗೆ ಅರ್ಥವಾಗುವಂತೆ ಬಾಯಿಮಾತಿನಲ್ಲಿ ವಿವರಿಸುವುದು ವೈದ್ಯರ ಕಾನೂನುಬದ್ಧ ಕರ್ತವ್ಯ. ಆ ಮಾತುಕತೆಗೆ ಜರ್ಮನ್ ಚೆನ್ನಾಗಿ ಬರುವ ಸ್ನೇಹಿತೆಯನ್ನು ಕರೆದೊಯ್ಯಿರಿ, ಸಹಿ ಮಾಡಿದ ಕಾಗದದ ಪ್ರತಿಯನ್ನು ಪಡೆಯಿರಿ.

ಹಲ್ಲು ತೆಗೆದ ಮೇಲೆ ಊತ ಎರಡು-ಮೂರನೆಯ ದಿನಕ್ಕೆ ಹೆಚ್ಚಾಗಿ, ಆಮೇಲೆ ಇಳಿಯಬೇಕು. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಳಚಿದರೆ ಮೂರು-ನಾಲ್ಕನೆಯ ದಿನ ಕಿವಿಯವರೆಗೆ ಸೆಳೆಯುವ ನೋವು ಬರುತ್ತದೆ. ಆಗ ಅಮ್ಮ ಹೇಳುವ ಲವಂಗದ ಎಣ್ಣೆಯನ್ನು ಗುಳಿಗೆ ಸುರಿಯದೆ, ತೆಗೆದ ವೈದ್ಯರಲ್ಲಿಗೇ ಮರಳಿ ಹೋಗಿ. ತಣಿದ ರಾಗಿ ಗಂಜಿ, ಕಿವುಚಿದ ಮೊಸರನ್ನ ವಿಷಯದಲ್ಲಿ ಮಾತ್ರ ಅಮ್ಮನ ಮಾತೇ ಸರಿ. ರಾತ್ರಿ ಅಥವಾ ವಾರಾಂತ್ಯದಲ್ಲಿ ರಕ್ತ ನಿಲ್ಲದಿದ್ದರೆ ಆಖೆನ್‌ನಲ್ಲೇ ತುರ್ತು ದಂತಚಿಕಿತ್ಸಾ ಸೇವೆ ಇರುತ್ತದೆ. ಅದರ ಸಂಖ್ಯೆಯನ್ನು ಮೊದಲೇ ಗುರುತು ಹಾಕಿಕೊಳ್ಳಿ. ಜ್ವರದೊಂದಿಗೆ ಗಂಟಲ ಕಡೆಗೆ ಊತ ಹರಡಿ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ 112ಕ್ಕೆ ಕರೆಮಾಡಬೇಕು.

ಹೊಲಿಗೆಯನ್ನು ಸಾಮಾನ್ಯವಾಗಿ ಏಳರಿಂದ ಹತ್ತು ದಿನಕ್ಕೆ ಬಿಚ್ಚುತ್ತಾರೆ, ಅಲ್ಲಿಯವರೆಗೆ ದೂರದ ಪ್ರಯಾಣ ಇಟ್ಟುಕೊಳ್ಳಬೇಡಿ. ಮೂರು-ನಾಲ್ಕು ವಾರದಲ್ಲಿ ವಸಡು ಕೂಡಿಕೊಳ್ಳುತ್ತದೆ. ಈಗ ತೆಗೆಸಿದರೆ, ಡಿಸೆಂಬರ್‌ನಲ್ಲಿ ಅಮ್ಮ ಕರಿದಿಟ್ಟ ಚಕ್ಕುಲಿಯನ್ನು ಆ ಕಡೆಯಿಂದಲೇ ಅಗಿಯಬಹುದು.