ಇಳಿಯಲಾಗದ ಆ ದಿನವನ್ನೇ ಬರೆಯಿರಿ

ನಮಸ್ಕಾರ ಮೇಡಂ,

ನಿಮ್ಮ ‘ಸ್ಕಾಟ್ಲೆಂಡಿನ ಸಾಗರ ಸಂಭ್ರಮ’ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ಬರೆದು ಕೊಟ್ಟರೆ ಖುಷಿಯಿಂದ ಹಾಕುತ್ತೇನೆ. ಅದಕ್ಕೇ ಇಷ್ಟು ಉದ್ದದ ಪತ್ರ.

ನೀವು ಓಬನ್ ಬಂದರಿನಲ್ಲಿ 12 ಪ್ರಯಾಣಿಕರ ಪುಟ್ಟ ಹಡಗು ಹತ್ತಿದ್ದೀರಿ. ಮಲ್, ಸ್ಟಾಫಾ, ಸ್ಕೈ, ಹ್ಯಾರಿಸ್ ಅಂತ ಹೆಬ್ರಿಡೀಸ್ ದ್ವೀಪಗಳ ಅಂಚು ಹಿಡಿದು ಹೋಗಿ, ಸೇಂಟ್ ಕಿಲ್ಡಾವರೆಗೂ ಮುಟ್ಟಿ, ಲೂಯಿಸ್ ದ್ವೀಪದ ಸ್ಟೋರ್ನೋವೇಯಲ್ಲಿ ಇಳಿದಿದ್ದೀರಿ. ಲೇಖನವೂ ಅದೇ ಲೆಕ್ಕದಲ್ಲಿ ಸಾಗುತ್ತದೆ. ಬೆಳಿಗ್ಗೆ ತಿಂಡಿ, ಒಂದು ದ್ವೀಪ, ಮಧ್ಯಾಹ್ನದ ಊಟ, ಇನ್ನೊಂದು ದ್ವೀಪ, ರಾತ್ರಿ ಊಟ. ಟೂರಿನವರು ಕೈಗಿಟ್ಟ ಹಾಳೆಯನ್ನೇ ಓದಿದ ಹಾಗಾಗುತ್ತದೆ. ಎಲ್ಲ ದಿನಗಳಿಗೂ ಒಂದೇ ಅಳತೆಯ ಜಾಗ, ಎಲ್ಲ ಕಡೆಯೂ ‘ರುದ್ರರಮಣೀಯ’, ‘ಅವರ್ಣನೀಯ’. ಬಂಡೆ ಎಷ್ಟು ಎತ್ತರ ಇತ್ತು, ಅದರ ಬುಡದಲ್ಲಿ ನೀರು ಏನು ಮಾಡುತ್ತಿತ್ತು, ಯಾವ ವಾಸನೆ ಬರುತ್ತಿತ್ತು ಅನ್ನೋದು ಒಂದು ಕಡೆಯೂ ಇಲ್ಲ.

ಸೇಂಟ್ ಕಿಲ್ಡಾದ ಭಾಗದಲ್ಲಿ ಹೀಗೆ ಬರೆದಿದ್ದೀರಿ: ‘ಗಾಳಿ ಜಾಸ್ತಿ ಇದ್ದಿದ್ದರಿಂದ ಹಿರ್ಟಾ ದ್ವೀಪದಲ್ಲಿ ಇಳಿಯಲು ಆಗಲಿಲ್ಲ. ತುಂಬಾ ನಿರಾಸೆಯಾಯಿತು.’ ಅಷ್ಟೇ. ಅದರ ಬೆನ್ನಿಗೇ ಸಾಲ್ಮನ್ ಸೂಪ್ ಬಂದುಬಿಡುತ್ತದೆ. ಮೇಡಂ, ನಿಮ್ಮ ಲೇಖನ ಇರುವುದೇ ಆ ಎರಡು ಸಾಲಿನಲ್ಲಿ.

ಯಾಕೆ ಅಂತ ಹೇಳುತ್ತೇನೆ. ಸೇಂಟ್ ಕಿಲ್ಡಾ ಅನ್ನೋ ದ್ವೀಪಗಳ ಗುಂಪು ಹೆಬ್ರಿಡೀಸ್‌ನಿಂದಲೂ ಸುಮಾರು 64 ಕಿ.ಮೀ. ಪಶ್ಚಿಮಕ್ಕೆ, ತೆರೆದ ಅಟ್ಲಾಂಟಿಕ್ ಸಾಗರದಲ್ಲಿದೆ. ಹಿರ್ಟಾ ಅಲ್ಲಿನ ದೊಡ್ಡ ದ್ವೀಪ. ಹೆಚ್ಚಿನ ಕಡೆ ನೀರಿನಿಂದ ನೆಟ್ಟಗೆ ಎದ್ದ ಬಂಡೆ. ಅಲ್ಲಿನ ಕೊನಾಖೇರ್ ಬೆಟ್ಟ ಸುಮಾರು 430 ಮೀಟರ್ ಎತ್ತರ, ಅದರ ಒಂದು ಮಗ್ಗುಲು ಸೀದಾ ಕಡಲಿಗೆ ಬೀಳುತ್ತದೆ. ಇಳಿಯೋಕೆ ತಕ್ಕಮಟ್ಟಿಗೆ ಅನುಕೂಲ ಇರುವುದು ವಿಲೇಜ್ ಬೇ ಎಂಬ ಕೊಲ್ಲಿಯಲ್ಲಿ. ಅದರ ಬಾಯಿ ಆಗ್ನೇಯಕ್ಕೆ. ಪಶ್ಚಿಮದ ಗಾಳಿಯನ್ನು ಬೆಟ್ಟ ತಡೆಯುತ್ತದೆ. ಆದರೆ ಆಗ್ನೇಯದಿಂದ ಬೀಸಿದರೆ ಅಲೆ ನೇರ ಒಳಗೇ ನುಗ್ಗುತ್ತದೆ. ಆಗ ಹಡಗು ಲಂಗರು ಹಾಕಿದರೂ ರಬ್ಬರ್ ದೋಣಿಯನ್ನು ದಡಕ್ಕೆ ಹಚ್ಚೋದು ಅಪಾಯ. ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ನೀವು ಬರೆದಿಲ್ಲ. ಹಿಂದಿನ ರಾತ್ರಿಯ ಹವಾಮಾನ ವರದಿ ಏನು ಹೇಳಿತ್ತು, ಕ್ಯಾಪ್ಟನ್ ಎಷ್ಟು ಹೊತ್ತು ಕಾದರು, ಆಗಲ್ಲ ಅಂತ ಹೇಳಿದಾಗ ನಿಮ್ಮ ಜೊತೆಯವರು ಯಾರಾದರೂ ವಾದಕ್ಕಿಳಿದರಾ? ಇದೆಲ್ಲ ನಿಮಗೆ ಗೊತ್ತಿದೆ, ಓದುಗರಿಗೆ ಗೊತ್ತಿಲ್ಲ.

ಆ ದ್ವೀಪದ ಜನ ನೂರಾರು ವರ್ಷ ಬದುಕಿದ್ದೇ ಈ ಪ್ರಶ್ನೆಯ ಮೇಲೆ: ಇವತ್ತು ದೋಣಿ ದಡ ಹತ್ತುತ್ತಾ ಇಲ್ವಾ? 1727ರಲ್ಲಿ ನಡೆದದ್ದನ್ನು ಕೇಳಿ. ಮೂವರು ಗಂಡಸರು, ಎಂಟು ಹುಡುಗರು ಹಕ್ಕಿ ಹಿಡಿಯಲು ಸ್ಟಾಕ್ ಆನ್ ಆರ್ಮಿನ್ ಎಂಬ ಕಡಲಬಂಡೆಗೆ ಹೋದರು. ಕೆಲವು ದಿನಗಳ ಕೆಲಸ ಅಷ್ಟೇ. ಅಷ್ಟರಲ್ಲಿ ಹಿರ್ಟಾದಲ್ಲಿ ಸಿಡುಬು ಬಿತ್ತು. ಹೆಚ್ಚಿನವರು ಸತ್ತರು. ದೋಣಿ ಹುಟ್ಟು ಹಾಕಲು ಬೇಕಾದಷ್ಟು ಆಳೇ ಉಳಿಯಲಿಲ್ಲ. ಬಂಡೆಯ ಮೇಲಿದ್ದವರು ಸುಮಾರು ಒಂಬತ್ತು ತಿಂಗಳು, ಇಡೀ ಚಳಿಗಾಲ, ಅಲ್ಲೇ ಕಾದರು. ಹಕ್ಕಿ, ಮೀನು ತಿಂದು ಹನ್ನೊಂದು ಮಂದಿಯೂ ಬದುಕಿದರು. ಮರುವರ್ಷ ಮೇ ತಿಂಗಳಲ್ಲಿ ದೋಣಿ ಬಂತು.

ನೀವು ಆ ಬಂಡೆಯನ್ನು ನೋಡಿದ್ದೀರಿ! ಇಳಿಯಲು ಆಗದ್ದಕ್ಕೆ ಬದಲಾಗಿ ಕ್ಯಾಪ್ಟನ್ ಹಡಗನ್ನು ಅಲ್ಲಿನ ಇನ್ನೊಂದು ದ್ವೀಪವಾದ ಬೋರೆರೇ ಸುತ್ತ ತಿರುಗಿಸಿದರು ಎಂದು ಬರೆದಿದ್ದೀರಲ್ಲ, ಸ್ಟಾಕ್ ಆನ್ ಆರ್ಮಿನ್ ಅದರ ಪಕ್ಕದಲ್ಲೇ ಇದೆ. 196 ಮೀಟರ್ ಎತ್ತರ. ಅಲ್ಲೇ ನಿಮ್ಮ ಲೇಖನದ ಅತ್ಯುತ್ತಮ ಸಾಲೂ ಇದೆ: ‘ದೂರದಿಂದ ಬಂಡೆ ಬೆಳ್ಳಗೆ ಕಂಡಿತು. ಹತ್ತಿರ ಹೋದಾಗ ಆ ಬಿಳುಪು ಅಲುಗಾಡಿತು.’ ಅವು ಗ್ಯಾನೆಟ್ ಹಕ್ಕಿಗಳು. ವಿಶೇಷಣ ಒಂದೂ ಇಲ್ಲ, ನೋಡಿದ್ದನ್ನು ನೋಡಿದ ಕ್ರಮದಲ್ಲೇ ಇಟ್ಟಿದ್ದೀರಿ. ಇದು ನಿಮಗೆ ಬರುತ್ತೆ. ಉಳಿದ ಕಡೆ ಯಾಕೆ ಮಾಡಲಿಲ್ಲ ಅನ್ನೋದೇ ನನ್ನ ತಕರಾರು.

ಇನ್ನು ತಪ್ಪುಗಳು. ‘ದ್ವೀಪದವರು ಮೀನು ಹಿಡಿದು ಬದುಕುತ್ತಿದ್ದರು’ ಎಂದಿದ್ದೀರಿ. ಮೀನು ಸ್ವಲ್ಪ ಇತ್ತು, ನಿಜ. ಆದರೆ ಅವರ ಬದುಕು ನಿಂತಿದ್ದು ಕಡಲ ಹಕ್ಕಿಗಳ ಮೇಲೆ: ಗ್ಯಾನೆಟ್, ಫುಲ್ಮರ್, ಪಫಿನ್. ಹಗ್ಗ ಕಟ್ಟಿಕೊಂಡು ಬರಿಗಾಲಲ್ಲಿ ಬಂಡೆ ಇಳಿದು ಹಕ್ಕಿ, ಮೊಟ್ಟೆ ತರುತ್ತಿದ್ದರು. ಗೇಣಿಯನ್ನೂ ಹಕ್ಕಿಯ ಪುಕ್ಕದಲ್ಲಿ ಕೊಡುತ್ತಿದ್ದರು. ನೀವು ಹಡಗಿನಿಂದ ನೋಡಿ ‘ಗುಡ್ಡದ ತುಂಬ ಚಿಕ್ಕ ಚಿಕ್ಕ ಪಾಳು ಮನೆಗಳು’ ಎಂದುಕೊಂಡಿರಲ್ಲ, ಅವುಗಳಲ್ಲಿ ಹೆಚ್ಚಿನವು ಮನೆಗಳೇ ಅಲ್ಲ. ಅವು ಕ್ಲೀಟ್‌ಗಳು, ಅಂದರೆ ಕಣಜ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆ, ತಲೆಯ ಮೇಲೆ ಚಪ್ಪಡಿ, ಅದರ ಮೇಲೆ ಹುಲ್ಲು ಸಮೇತ ಮಣ್ಣಿನ ಹೆಂಟೆ. ಕಲ್ಲುಗಳ ಸಂದಿಯಲ್ಲಿ ಗಾಳಿ ನುಗ್ಗಿ ಹಾಯುತ್ತದೆ, ಮಳೆ ಒಳಗೆ ಬರುವುದಿಲ್ಲ. ಹಕ್ಕಿ ಮಾಂಸ ಒಣಗೋದು ಹೀಗೆ. ಇಂಥವು ಹಿರ್ಟಾದಲ್ಲಿ ಸಾವಿರಕ್ಕೂ ಜಾಸ್ತಿ ಇವೆ. ನಿಮ್ಮನ್ನು ಇಳಿಯಲು ಬಿಡದ ಅದೇ ಗಾಳಿ ಅವರ ಊಟವನ್ನು ಕಾಪಾಡುತ್ತಿತ್ತು.

‘ಸರ್ಕಾರ ಅವರನ್ನು ಬಲವಂತವಾಗಿ ಎತ್ತಂಗಡಿ ಮಾಡಿತು’ ಅನ್ನೋದೂ ತಪ್ಪು. 1697ರ ಹೊತ್ತಿಗೆ ಅಲ್ಲಿ ಸುಮಾರು 180 ಜನ ಇದ್ದರು. 1930ಕ್ಕೆ ಉಳಿದದ್ದು 36. ಪ್ರಾಯದವರು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ದೋಣಿ ಎಳೆಯಲು, ಬಂಡೆ ಹತ್ತಲು ಆಗುವವರು ಬೆರಳೆಣಿಕೆ. ಆ ವರ್ಷದ ಮೇ ತಿಂಗಳಲ್ಲಿ ಅವರೇ ಸರ್ಕಾರಕ್ಕೆ ಅರ್ಜಿ ಬರೆದರು, ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಅಂತ. 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಆ ದಿನ ಎಂಟು ವರ್ಷದವಳಾಗಿದ್ದ ಒಬ್ಬ ಹುಡುಗಿ, ಅಲ್ಲಿ ಹುಟ್ಟಿದವರ ಪೈಕಿ ಕೊನೆಯವರಾಗಿ, 2016ರಲ್ಲಿ ತೀರಿಕೊಂಡರು. ಬಲವಂತ ಅಂತ ಬರೆದರೆ ಓದುಗರಿಗೆ ಸಿಟ್ಟು ಬರುತ್ತದೆ, ಅಷ್ಟಕ್ಕೇ ಮುಗಿಯಿತು. ತಾವೇ ಅರ್ಜಿ ಬರೆದರು ಅಂದಾಗ ಎಷ್ಟು ಕಷ್ಟದ ಮಾತು ಅದು ಅಂತ ತಿಳಿಯುತ್ತದೆ.

‘ಈಗ ಅಲ್ಲಿ ನರಪಿಳ್ಳೆಯೂ ಇಲ್ಲ’ ಅನ್ನುವ ಸಾಲನ್ನೂ ತೆಗೆಯಿರಿ. 1957ರಿಂದ ಅಲ್ಲಿ ಸೇನೆಯ ರೇಡಾರ್ ನೆಲೆ ಇದೆ, ಕೆಲಸದವರು ಇರುತ್ತಾರೆ. ಅದರ ಕಟ್ಟಡ ನಿಮ್ಮ ಫೋಟೋದಲ್ಲೇ ಕಾಣುತ್ತಿದೆ.

ಸ್ಟಾಫಾ ಬಗ್ಗೆ ಒಂದು ಮಾತು. ನೀವು ಉಡುಪಿಯವರು ಅಂತ ಪತ್ರದಲ್ಲಿ ಹೇಳಿದ್ದೀರಿ. ಸ್ಟಾಫಾದ ಆರು ಮೂಲೆಯ ಕಲ್ಲುಕಂಬಗಳನ್ನು ನೋಡಿ ‘ಇಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ’ ಎಂದು ಬರೆದಿದ್ದೀರಿ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಲ್ವಾ? ಅಲ್ಲೂ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು ಆದ ಕಂಬಗಳೇ ಇರುವುದು. ಸ್ಟಾಫಾದ್ದು ಕಪ್ಪು ಬಸಾಲ್ಟ್, ಸುಮಾರು 6 ಕೋಟಿ ವರ್ಷ ಹಳೆಯದು. ಮಲ್ಪೆಯದು ಇನ್ನೂ ಹಳೆಯದು, ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಹೋಲಿಕೆಗಾಗಿ ಹೋಲಿಕೆ ಬೇಡ. ನಾನು ಹೇಳುತ್ತಿರುವುದು ಬೇರೆ. ಮಳೆಗಾಲದಲ್ಲಿ ಮಲ್ಪೆಯಿಂದ ಆ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಕಡಲು ಬೇಡ ಅಂದರೆ ಬೇಡ, ಯಾರೂ ವಾದ ಮಾಡೋದಿಲ್ಲ. ನೀವು ಇದನ್ನು ನೋಡಿಕೊಂಡೇ ಬೆಳೆದವರು. ಹಿರ್ಟಾದ ಎದುರು ಹಡಗಿನಲ್ಲಿ ನಿಂತಾಗ ನಿಮಗೆ ಬರೀ ನಿರಾಸೆ ಆಯ್ತಾ? ಬೇರೆ ಏನೂ ಅನ್ನಿಸಲಿಲ್ವಾ? ನನಗೆ ನಂಬಿಕೆ ಬರುತ್ತಿಲ್ಲ.

ಸ್ಟೋರ್ನೋವೇಯಲ್ಲಿ ಕಾಫಿ ಕುಡಿದು ಸ್ವೆಟರ್ ಕೊಂಡಿದ್ದನ್ನು ಬಿಡಿ. ಆ ಊರು ಕಾಲಿನ್ ಮೆಕೆಂಜಿ ಹುಟ್ಟಿದ ಊರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವರು, ಆಮೇಲೆ ಮೈಸೂರು ಸೀಮೆಯನ್ನು ಅಳೆದವರು, ನಮ್ಮ ಹಳ್ಳಿಹಳ್ಳಿಯ ಕೈಫಿಯತ್ತುಗಳನ್ನು, ಅಂದರೆ ಊರಿನ ಚರಿತ್ರೆಯ ಬರಹಗಳನ್ನು, ಬರೆಸಿ ಕೂಡಿಹಾಕಿದವರು. 1821ರಲ್ಲಿ ಬಂಗಾಳದಲ್ಲೇ ತೀರಿಕೊಂಡರು. ಆದರೆ ಇದನ್ನು ಈ ಲೇಖನಕ್ಕೆ ತುರುಕಬೇಡಿ. ಅದು ಪ್ರತ್ಯೇಕ ಬರಹ, ಆಸಕ್ತಿ ಇದ್ದರೆ ಆಮೇಲೆ ಮಾತಾಡೋಣ.

ಹಾಗಾದರೆ ಏನು ಮಾಡಬೇಕು? ಓಬನ್‌ನಿಂದ ಶುರು ಮಾಡಬೇಡಿ. ವೀಸಾ, ವಿಮಾನ, ಗ್ಲಾಸ್ಗೋದ ಹೋಟೆಲ್ ಎಲ್ಲ ಹೋಗಲಿ. ಊಟದ ವರ್ಣನೆ ಒಂದು ಕಡೆ ಇದ್ದರೆ ಸಾಕು, ಅದೂ ಅಲೆಗೆ ತಟ್ಟೆ ಜಾರಿದ ಆ ರಾತ್ರಿಯದು. ಹ್ಯಾರಿಸ್ ಬಿಟ್ಟ ಮೇಲೆ ಪಶ್ಚಿಮಕ್ಕೆ ತೆರೆದ ಕಡಲಿನಲ್ಲಿ ಹೋದ ಗಂಟೆಗಳಿಂದ ಹಿಡಿದು, ಕೊಲ್ಲಿಯಲ್ಲಿ ಕಾದದ್ದು, ಹಿಂತಿರುಗಿದ್ದು, ಬೋರೆರೇ ಬಂಡೆಗಳು, ಇಷ್ಟೇ ಬರೆಯಿರಿ. ಸ್ಕೈ, ಮಲ್‌ಗೆ ಒಂದೊಂದು ಪ್ಯಾರಾ ಸಾಕು. ಇತಿಹಾಸವನ್ನು ಒಂದೇ ಕಡೆ ಸುರಿಯಬೇಡಿ. ಕಣ್ಣಿಗೆ ಏನು ಬಿತ್ತೋ ಅದರ ಜೊತೆಗೇ ಬರಲಿ: ಕ್ಲೀಟ್ ಕಂಡಾಗ ಹಕ್ಕಿಯ ಮಾತು, ಸಾಲುಮನೆ ಕಂಡಾಗ 1930ರ ಮಾತು.

ಒಂದೇ ಒಂದು ಫೋಟೋ ಕಳಿಸಿ. ಸೂರ್ಯಾಸ್ತದ್ದು ಬೇಡ. ಡೆಕ್ಕಿನಿಂದ ತೆಗೆದ, ಸ್ವಲ್ಪ ಓರೆಯಾಗಿ ಬಂದಿರುವ ಹಿರ್ಟಾದ ಸಾಲುಮನೆಗಳ ಫೋಟೋ ಚೆನ್ನಾಗಿದೆ. ಆ ದಿನದ ಗಾಳಿಯ ದಿಕ್ಕು ನೆನಪಿಲ್ಲದಿದ್ದರೆ ಕ್ಯಾಪ್ಟನ್‌ಗೆ ಒಂದು ಮೇಲ್ ಹಾಕಿ ಕೇಳಿ. ಹಡಗಿನವರು ದಿನಚರಿ ಪುಸ್ತಕದಲ್ಲಿ ಅದನ್ನೆಲ್ಲ ಬರೆದಿಟ್ಟಿರುತ್ತಾರೆ. ಅವಸರ ಏನಿಲ್ಲ, ಬರೆದಾದ ಮೇಲೆ ನೇರ ನನಗೇ ಕಳಿಸಿ.