ಓದುಗರ ಪ್ರಶ್ನೆ: ‘ಬೋನ್’ ಚಿತ್ರಕಥೆಯ ಮೂಲ ಮುದ್ರಣ ಯಾವುದು?

ಪ್ರಶ್ನೆ: ನನ್ನ ಮಗಳು ಶಾಲೆಯ ಗ್ರಂಥಾಲಯದಿಂದ ‘ಬೋನ್’ ಎಂಬ ಚಿತ್ರಕಥೆಯ ಬಣ್ಣದ ಸಂಪುಟಗಳನ್ನು ತಂದು ಓದುತ್ತಿದ್ದಾಳೆ. ಮೊನ್ನೆ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಅದೇ ಕಥೆಯ ಕಪ್ಪು-ಬಿಳುಪಿನ ದಪ್ಪ ಪುಸ್ತಕ ಕಂಡಿತು. ಪ್ರಕಾಶಕರ ಹೆಸರೂ ಬೇರೆಯಿತ್ತು. ಇವುಗಳಲ್ಲಿ ಮೂಲ ಯಾವುದು? ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಮೂಲ ಕಪ್ಪು-ಬಿಳುಪಿನದೇ. ಊರಿನಿಂದ ಹೊರದೂಡಲ್ಪಟ್ಟ ಮೂವರು ದಾಯಾದಿಗಳು ಅಪರಿಚಿತ ಕಣಿವೆಯೊಂದಕ್ಕೆ ಬಂದು ಸೇರುವ ಈ ಕಥೆಯನ್ನು ಅಮೆರಿಕದ ಒಹಾಯೊ ರಾಜ್ಯದ ಚಿತ್ರಕಾರ ಜೆಫ್ ಸ್ಮಿತ್ ಅವರು 1991ರಲ್ಲಿ, ಯಾವ ದೊಡ್ಡ ಪ್ರಕಾಶನದ ಆಸರೆಯೂ ಇಲ್ಲದೆ, ‘ಕಾರ್ಟೂನ್ ಬುಕ್ಸ್’ ಎಂಬ ಸ್ವಂತ ಸಂಸ್ಥೆಯಿಂದ ಸಂಚಿಕೆಗಳಾಗಿ ಹೊರತರಲಾರಂಭಿಸಿದರು. ಕೆಲಕಾಲದಲ್ಲೇ ಅವರ ಪತ್ನಿ ವಿಜಯಾ ಅಯ್ಯರ್ ತಮ್ಮ ಉದ್ಯೋಗವನ್ನು ಬಿಟ್ಟು ಬಂದು ವ್ಯವಹಾರದ ಹೊಣೆ ಹೊತ್ತರು. ಸರಣಿ ಉಳಿದು ಬೆಳೆದದ್ದರಲ್ಲಿ ಅವರ ಪಾಲನ್ನು ಎಷ್ಟು ನೆನೆದರೂ ಕಡಿಮೆಯೇ.

2004ರಲ್ಲಿ 55ನೆಯ ಸಂಚಿಕೆಯೊಂದಿಗೆ ಕಥೆ ಮುಗಿಯುವವರೆಗೆ, ಹದಿಮೂರು ವರ್ಷ ಅದು ಹೇಗೆ ನಿಂತಿತೆಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. ಅಲ್ಲಿನ ಕಾಮಿಕ್ಸ್ ಅಂಗಡಿಗಳು ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವಂತಿರಲಿಲ್ಲವಾದ್ದರಿಂದ ಎಣಿಸಿ ಎಣಿಸಿ ತರಿಸುತ್ತಿದ್ದವು. ಅವು ಖರ್ಚಾದರೆ ಹಳೆಯ ಸಂಚಿಕೆ ಸಿಗುವುದು ಕಷ್ಟವಾಗುತ್ತಿತ್ತು. ವಾರಪತ್ರಿಕೆಯ ಧಾರಾವಾಹಿಯಲ್ಲಿ ಹತ್ತು ಕಂತು ತಪ್ಪಿಸಿಕೊಂಡವರು ಹನ್ನೊಂದನೆಯದನ್ನು ಕೈಗೆತ್ತಿಕೊಳ್ಳುವುದುಂಟೇ? ಹಾಗಾಗಿ ಸ್ಮಿತ್ ದಂಪತಿ ಹಿಂದಿನ ಸಂಚಿಕೆಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿಸಿದರು, 1993ರಿಂದ ಅವನ್ನು ಒಟ್ಟುಗೂಡಿಸಿ ಪುಸ್ತಕಗಳನ್ನಾಗಿಯೂ ತಂದರು. ಹೊಸ ಓದುಗ ಯಾವಾಗ ಬಂದರೂ ಮೊದಲ ಪುಟ ಅವನಿಗೆ ಸಿಗಬೇಕೆಂಬ ಈ ಹಟವೇ ಸರಣಿಯನ್ನು ಕಾಪಾಡಿತೆಂದು ನಾನು ದೃಢವಾಗಿ ನಂಬಿದ್ದೇನೆ.

ನಡುವೆ 21ರಿಂದ 27ರವರೆಗಿನ ಸಂಚಿಕೆಗಳು ‘ಇಮೇಜ್ ಕಾಮಿಕ್ಸ್’ ಎಂಬ ಬೇರೊಂದು ಪ್ರಕಾಶನದ ಹೆಸರಿನಲ್ಲಿ ಬಂದವು. 28ರಿಂದ ಸರಣಿ ಮತ್ತೆ ತವರಿಗೆ ಮರಳಿತು. ಹಕ್ಕುಗಳು ಮಾತ್ರ ಕೊನೆಯವರೆಗೂ ಸ್ಮಿತ್ ಅವರ ಕೈಯಲ್ಲೇ ಉಳಿದವು. ಇಡೀ ಕಥೆಯನ್ನು ಒಂದೇ ರಟ್ಟಿನೊಳಗೆ ತಂದ, 1300ಕ್ಕೂ ಹೆಚ್ಚು ಪುಟಗಳ ಪುಸ್ತಕವನ್ನು ಕಾರ್ಟೂನ್ ಬುಕ್ಸ್ 2004ರಲ್ಲಿ ಪ್ರಕಟಿಸಿತು. ನೀವು ಕಂಡದ್ದು ಅದೇ ಇರಬೇಕು. ಮಗಳ ಕೈಯಲ್ಲಿರುವುದು ಸ್ಕೊಲಾಸ್ಟಿಕ್ ಸಂಸ್ಥೆಯು ಸ್ಟೀವ್ ಹ್ಯಾಮೇಕರ್ ಅವರಿಂದ ಬಣ್ಣ ಹಾಕಿಸಿ 2005ರಿಂದ 2009ರವರೆಗೆ ಹೊರತಂದ ಒಂಬತ್ತು ಸಂಪುಟಗಳ ಆವೃತ್ತಿ.

ಮಗಳು ಬಣ್ಣದ್ದನ್ನೇ ಓದಿ ಮುಗಿಸಲಿ, ಅದರಲ್ಲಿ ಕಥೆ ಎಲ್ಲಿಯೂ ಕುಂದಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಮಾತ್ರ ಕಪ್ಪು-ಬಿಳುಪಿನದನ್ನು ಕೊಳ್ಳಿ. ಮೊದಲ ಭಾಗದಲ್ಲಿ ಚಳಿಗಾಲದ ಹಿಮವೆಲ್ಲ ಒಮ್ಮೆಲೇ ದೊಪ್ಪನೆ ಕಣಿವೆಯ ಮೇಲೆ ಬೀಳುವ ದೃಶ್ಯವಿದೆ; ಅಲ್ಲಿ ಬರಿಯ ಕಾಗದವೇ ಹಿಮವಾಗಿದೆ, ಕುಂಚದ ಕೆಲವೇ ಕಪ್ಪು ಗೆರೆಗಳು ಮರಗಳಾಗಿವೆ. ಅಷ್ಟು ದಪ್ಪದ ಪುಸ್ತಕದ ಬೆನ್ನು ಬೇಗ ಬಿರಿಯುವುದರಿಂದ, ಹಣ ಕೊಡುವ ಮುನ್ನ ನಡುವೆ ಬಿಡಿಸಿ ಹೊಲಿಗೆಯೋ ಅಂಟೋ ಬಿಟ್ಟಿದೆಯೇ ಎಂದು ನೋಡಿಕೊಳ್ಳಿ.